ಡ್ಯಾಶ್‌ಬೋರ್ಡಿನ ಹಿಂದೆಯೂ ಇರುವುದು ಓಮನ ನಿಯಮವೇ!

"ಹಳೇ ಕಾರು. ಅದಕ್ಕೆ ಹೊಸ ಸ್ಟೀರಿಯೋ ಬೇರೆ! ಅದೂ ನೀವೇ ಕೂತು ಹಾಕುವುದಾ? ನಿಮಗೆಂತ ಮಾಸ್ಟ್ರೇ, ಬೇರೆ ಕೆಲಸ ಇಲ್ವಾ?"

ಇಂಥ ಪ್ರಶ್ನೆಗಳಿಗೆ ನಾವು ಕನ್ನಡ ಶಾಲೆಯ ಮೇಷ್ಟ್ರುಗಳು ಸಾಮಾನ್ಯವಾಗಿ ನಕ್ಕು ಸುಮ್ಮನಾಗುತ್ತೇವೆ. ಈ ಸಲ ಸುಮ್ಮನಿರುವುದಿಲ್ಲ. ಏಕೆಂದರೆ ಈ ಪ್ರಶ್ನೆಯ ಬಾಲದಲ್ಲಿ ಇನ್ನೊಂದು ಮಾತು ಬರುತ್ತದೆ: "ಅದೆಲ್ಲ ಇಂಗ್ಲಿಷಿನಲ್ಲಿ ಇರ್ತದೆ, ನಮ್ಮ ಮಕ್ಕಳಿಗೆ ಎಲ್ಲಿಂದ ಗೊತ್ತಾಗಬೇಕು?" ಹೆತ್ತವರ ಬಾಯಲ್ಲಿ ಈ ಮಾತು ಬಂದಾಗ ನಮಗೆ ಸಂಕಟ. ನಮ್ಮ ಸಹೋದ್ಯೋಗಿಗಳ ಬಾಯಲ್ಲೇ ಬಂದಾಗ ಸಿಟ್ಟು. ಒಂಬತ್ತು, ಹತ್ತನೆಯ ತರಗತಿಯಲ್ಲಿ ವಿದ್ಯುತ್ ಪ್ರವಾಹ, ಪ್ರತಿರೋಧ, ಸರಣಿ ಜೋಡಣೆ, ಸಮಾನಾಂತರ ಜೋಡಣೆ ಎಂದು ಕನ್ನಡದಲ್ಲೇ ಪಾಠ ಮಾಡಿ, ಕನ್ನಡದಲ್ಲೇ ಪರೀಕ್ಷೆ ಬರೆಸಿ, ಎ ಪ್ಲಸ್ಸನ್ನೂ ಕೊಡಿಸಿದ ಮೇಲೆ ಒಂದು ಹಳೆಯ ಕಾರಿನ ನಾಲ್ಕು ವಯರು ಜೋಡಿಸಲು ನಮಗೆ ಧೈರ್ಯ ಇಲ್ಲ ಎಂದಾದರೆ ನಾವು ಕಲಿಸಿದ್ದಾದರೂ ಏನು?

ನಮ್ಮ ವಾದ ಇಷ್ಟೇ. ಹಳೆಯ ಕಾರಿನ ಸ್ಟೀರಿಯೋ ಬದಲಿಸುವುದು ಹೈಸ್ಕೂಲಿನ ಭೌತಶಾಸ್ತ್ರ ಓದಿದ ಯಾರೂ ಮಾಡಬಹುದಾದ ಕೆಲಸ. ಅದನ್ನು ಮಾಡಬೇಕು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು. ಉಳಿಯುವ ದುಡ್ಡು ಎರಡನೆಯ ಮಾತು. ಪಾಠ ಪುಸ್ತಕದಿಂದ ಹೊರಗೆ ಬಂದು ಕೈಗೆ ಸಿಗುವುದು ಮೊದಲನೆಯದು.

ಮೊದಲು ಕಾರಿನ ವಿಚಾರ. ನಮ್ಮ ಕಾಸರಗೋಡು, ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮನೆಯಂಗಳದಲ್ಲಿ ಇನ್ನೂ ಮಾರುತಿ 800, ಹಳೆಯ ಆಲ್ಟೊ, ಮೊದಲ ತಲೆಮಾರಿನ ಸ್ಯಾಂಟ್ರೊ ಕಾಣಸಿಗುತ್ತವೆ. ಮಾರುತಿ 800 ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಇವುಗಳನ್ನು ಹದಿನೈದು ವರ್ಷವಾದ ಮೇಲೆ ನೋಂದಣಿ ನವೀಕರಿಸಿಕೊಂಡು ಓಡಿಸುವವರು ಬಡತನಕ್ಕಷ್ಟೇ ಓಡಿಸುವುದಲ್ಲ ಮಾರಾಯರೇ, ಆ ಕಾರಿನ ಒಳಗು ಹೊರಗು ಅವರಿಗೆ ಗೊತ್ತುಂಟು, ಅದಕ್ಕೆ. ಇವುಗಳ ಡ್ಯಾಶ್‌ಬೋರ್ಡಿನಲ್ಲಿ ರೇಡಿಯೋ ಕೂರುವ ಗೂಡು ಒಂದೇ ಅಳತೆಯದು: ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಜರ್ಮನಿಯಲ್ಲಿ ಹುಟ್ಟಿದ ಈ ಅಳತೆಗೆ 'ಡಿನ್' ಎಂದು ಹೆಸರು. ಕ್ಯಾಸೆಟ್ಟಿನ ಕಾಲದಲ್ಲೂ ಅದೇ ಅಳತೆ, ಇಂದಿನ ಬ್ಲೂಟೂತ್ ಸೆಟ್ಟಿಗೂ ಅದೇ ಅಳತೆ. ಹೊಸ ಕಾರುಗಳಲ್ಲಿ ಪರದೆ, ಏಸಿ, ಹಿಂಬದಿಯ ಕ್ಯಾಮೆರಾ ಎಲ್ಲ ಒಂದಕ್ಕೊಂದು ಹೆಣೆದುಕೊಂಡು ಕೈ ಹಾಕಲು ಜಾಗವೇ ಇಲ್ಲ. ಹಳೆಯ ಕಾರು ಹಾಗಲ್ಲ. ಅದು ತೆರೆದ ಪುಸ್ತಕ. ಕಲಿಯುವವನಿಗೆ ಹಳೆಯ ಕಾರೇ ಒಳ್ಳೆಯ ಕಾರು.

ಇನ್ನು ಇಂಗ್ಲಿಷಿನ ಗುಮ್ಮ. ಸೆಟ್ಟಿನ ಹಿಂದಿರುವ ವಯರುಗಳಿಗೆ ಭಾಷೆಯೇ ಇಲ್ಲ, ಬಣ್ಣ ಮಾತ್ರ ಉಂಟು. ಹಳದಿ: ಬ್ಯಾಟರಿಯಿಂದ ಸದಾ ಬರುವ ವಿದ್ಯುತ್ತು, ಸೆಟ್ಟಿನ ನೆನಪು ಉಳಿಸಲು. ಕೆಂಪು: ಕೀ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತು. ಕಪ್ಪು: ಬಾಡಿ ಅರ್ತ್. ನೀಲಿ: ಮೋಟಾರು ಆಂಟೆನಾ ಅಥವಾ ಹೊರಗಿನ ಆಂಪ್ಲಿಫೈಯರನ್ನು ಎಬ್ಬಿಸಲು. ಬಿಳಿ: ಮುಂದಿನ ಎಡ ಸ್ಪೀಕರು. ಬೂದು: ಮುಂದಿನ ಬಲ. ಹಸಿರು: ಹಿಂದಿನ ಎಡ. ನೇರಳೆ: ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಆ ಸ್ಪೀಕರಿನ ಮೈನಸ್ಸು. ಮುಗಿಯಿತು! ಒಂದನೆಯ ತರಗತಿಯ ಮಗುವಿಗೂ ಬಣ್ಣ ಗೊತ್ತು. ಒಂದು ಎಚ್ಚರಿಕೆ ಮಾತ್ರ: ಇದು ಮಾರುಕಟ್ಟೆಯ ಸೆಟ್ಟಿನ ಬಣ್ಣ. ಕಾರಿನ ಕಡೆಯ ವಯರಿಗೆ ಆಯಾ ಕಂಪನಿ ತನ್ನದೇ ಬಣ್ಣ ಕೊಟ್ಟಿರುತ್ತದೆ. ಅಲ್ಲಿ ಬಣ್ಣ ನಂಬಬಾರದು, ಮಲ್ಟಿಮೀಟರನ್ನು ನಂಬಬೇಕು. ಮಲ್ಟಿಮೀಟರು ತೋರಿಸುವುದು ಅಂಕೆ. ಅಂಕೆಗೆ ಯಾವ ಮಾಧ್ಯಮ?

ಈಗ ನಮಗೆ ನಿಜವಾಗಿ ಕೋಪ ಬರಿಸುವ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಸೆಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ, 52 ವ್ಯಾಟ್ ಗುಣಿಸು 4 ಎಂದು. "ನೋಡಿ ಸಾರ್, ಇನ್ನೂರೆಂಟು ವ್ಯಾಟ್!" ಎನ್ನುತ್ತಾರೆ. ನಮ್ಮ ಹತ್ತನೆಯ ತರಗತಿಯ ಮಗುವನ್ನು ಕರೆದು ಲೆಕ್ಕ ಮಾಡಿಸೋಣ.

ಇಂಜಿನು ಓಡುವಾಗ ಕಾರಿನ ವೋಲ್ಟೇಜು ಹೆಚ್ಚೆಂದರೆ 14.4ರ ಹತ್ತಿರ. ಸ್ಪೀಕರಿನದು 4 ಓಮ್. ವೋಲ್ಟೇಜಿನ ವರ್ಗವನ್ನು ಪ್ರತಿರೋಧದಿಂದ ಭಾಗಿಸಿದರೆ ಪವರು. 14.4 ಗುಣಿಸು 14.4 ಎಂದರೆ 207.36, ಅದನ್ನು 4ರಿಂದ ಭಾಗಿಸಿದರೆ 51.84. ಸಿಕ್ಕಿಬಿಟ್ಟಿತಲ್ಲ 52! ಆದರೆ ಈ ಅಂಕೆ ಬರಬೇಕಾದರೆ ಬ್ಯಾಟರಿಯ ಪೂರ್ತಿ ವೋಲ್ಟೇಜು ಎಡೆಬಿಡದೆ ಸ್ಪೀಕರಿನ ಮೇಲೆ ಕೂತಿರಬೇಕು. ಅಂದರೆ ಅದು ಸಂಗೀತವಲ್ಲ, ತಲೆ ಕತ್ತರಿಸಿದ ಚೌಕ ಅಲೆ, ಬರೇ ಕರ್ಕಶ. ಸರಿಯಾದ ಸೈನ್ ಅಲೆಗೆ ಲೆಕ್ಕ ಹಾಕಿದರೆ 14.4ನ್ನು 1.414ರಿಂದ ಭಾಗಿಸಬೇಕು: 10.18 ವೋಲ್ಟ್. ಅದರ ವರ್ಗವನ್ನು 4ರಿಂದ ಭಾಗಿಸಿದರೆ ಸುಮಾರು 26 ವ್ಯಾಟ್. ಒಳಗಿನ ನಷ್ಟ ಕಳೆದರೆ ನಿಜಕ್ಕೂ ಸಿಗುವುದು ಒಂದು ಸ್ಪೀಕರಿಗೆ ಇಪ್ಪತ್ತರ ಆಸುಪಾಸು. 'ಆರ್‌ಎಂಎಸ್' ಎಂದು ಕೈಪಿಡಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವುದು ಈ ಅಂಕೆಯೇ.

ಇನ್ನೊಂದು ಸಾಕ್ಷಿ ಬೇಕೇ? ಸೆಟ್ಟಿನ ಬೆನ್ನಿನಲ್ಲಿ ಫ್ಯೂಸು ಉಂಟು. ಸಾಮಾನ್ಯವಾಗಿ 10 ಆಂಪಿಯರ್. 10 ಗುಣಿಸು 14.4 ಎಂದರೆ 144 ವ್ಯಾಟ್. ಒಳಗೆ ಹೋಗುವುದೇ ಸದಾಕಾಲ 144ಕ್ಕಿಂತ ಹೆಚ್ಚಲ್ಲ ಎಂದ ಮೇಲೆ ಹೊರಗೆ 208 ಬರುವುದು ಹೇಗೆ? ಒಂದು ಕೊಡದಿಂದ ಒಂದೂವರೆ ಕೊಡ ನೀರು ಸುರಿದ ಹಾಗಾಯಿತು! ಶಕ್ತಿ ಸಂರಕ್ಷಣೆಯ ನಿಯಮವನ್ನು ಕನ್ನಡದಲ್ಲಿ ಓದಿದರೂ ಇಂಗ್ಲಿಷಿನಲ್ಲಿ ಓದಿದರೂ ಅದು ಸುಳ್ಳಾಗುವುದಿಲ್ಲ. ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ಸರಾಗ ಓದಬಲ್ಲವರು ಅದನ್ನು ನಂಬಿ ದುಡ್ಡು ಕೊಟ್ಟು ಬರುತ್ತಾರೆ. ಪಾಠ ಅರ್ಥವಾದ ಮಗು ಪೆನ್ಸಿಲು ಹಿಡಿದು ಎರಡು ನಿಮಿಷದಲ್ಲಿ ಅದರ ಬಣ್ಣ ಬಯಲು ಮಾಡುತ್ತದೆ. ಓದುವುದು ಬೇರೆ, ತಿಳಿಯುವುದು ಬೇರೆ. ಕನ್ನಡ ಮಾಧ್ಯಮ ಯಾಕೆ ಬೇಕು ಎಂಬುದಕ್ಕೆ ನಾವು ಭಾಷಣಗಳಲ್ಲಿ ಹೇಳುವ ನೂರು ಕಾರಣಗಳಿಗಿಂತ ಈ ಒಂದು ಲೆಕ್ಕ ದೊಡ್ಡದು ಎನಿಸುತ್ತದೆ.

ಎರಡನೆಯ ಕೋಪ ಕಟ್ಟಿಂಗ್ ಪ್ಲೇಯರಿನ ಮೇಲೆ. ಕಾರಿನ ಕಂಪನಿ ಕೊಟ್ಟ ವಯರಿಂಗಿನ ತುದಿಯಲ್ಲಿ ಒಂದು ಕಪ್ಲರ್ ಇರುತ್ತದೆ. ಅದಕ್ಕೂ ಹೊಸ ಸೆಟ್ಟಿಗೂ ನಡುವೆ ಹಾಕುವ ಜೋಡಣೆಯ ವಯರು ಮಾರುಕಟ್ಟೆಯಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಅದನ್ನು ಬಳಸಿದರೆ ಒಂದು ವಯರನ್ನೂ ಕತ್ತರಿಸಬೇಕಾಗಿಲ್ಲ. ಆದರೆ ಅವಸರದ ಅಂಗಡಿಗಳಲ್ಲಿ ನಡೆಯುವುದೇನು? ಕಚಕ್ಕನೆ ಕಪ್ಲರ್ ಕತ್ತರಿಸಿ ಬಿಸಾಡುವುದು, ವಯರನ್ನು ಹಲ್ಲಿನಿಂದ ಸುಲಿದು ತಿರುಚುವುದು, ಮೇಲೊಂದು ಟೇಪು ಸುತ್ತುವುದು. ನಮ್ಮೂರಿನ ಸೆಕೆಗೆ ಟೇಪಿನ ಅಂಟು ಕರಗುತ್ತದೆ, ಮಳೆಗಾಲದ ತೇವಕ್ಕೆ ತಾಮ್ರ ಹಸಿರಾಗುತ್ತದೆ, ಎರಡು ವರ್ಷದಲ್ಲಿ ಎಲ್ಲಿಂದಲೋ ಕರಕರ ಶಬ್ದ. ಆಗ ಬೈಗುಳ ಯಾರಿಗೆ? ಹಳೆಯ ಕಾರಿಗೆ! ಕೈಕೆಲಸ ಬಲ್ಲ ಮೆಕ್ಯಾನಿಕ್ ಅಣ್ಣಂದಿರನ್ನು ನಾವು ದೂರುತ್ತಿಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮ ಶಾಲೆಗಳಲ್ಲೇ ಓದಿದವರು, ಚೊಕ್ಕ ಕೆಲಸ ಮಾಡುವವರು. ನಮ್ಮ ಜಗಳ ಅವಸರದ ಕತ್ತರಿಯೊಡನೆ, ಮತ್ತು ಅದನ್ನು ನೋಡಿಯೂ ಏನೂ ಕೇಳಲು ಬಾರದ ನಮ್ಮ ಮೌನದೊಡನೆ.

ಹಾಗಾದರೆ ಮಾಡುವುದು ಹೇಗೆ? ಕ್ರಮವಾಗಿ ಹೇಳುತ್ತೇವೆ. ಪ್ರತಿ ಹೆಜ್ಜೆಗೂ ಕಾರಣ ಹೇಳುತ್ತೇವೆ, ಏಕೆಂದರೆ ಕಾರಣ ಇಲ್ಲದ ಹೆಜ್ಜೆ ಕಲಿಕೆಯಲ್ಲ.

ಮೊದಲು ಬ್ಯಾಟರಿಯ ಮೈನಸ್ ಕಳಚಿ. ಮೈನಸ್ಸೇ ಯಾಕೆ? ಕಾರಿನ ಇಡೀ ಬಾಡಿ ಮೈನಸ್ಸಿಗೆ ಸೇರಿದೆ. ಪ್ಲಸ್ ಕಳಚುವಾಗ ಸ್ಪ್ಯಾನರು ಬಾಡಿಗೆ ತಾಗಿದರೆ ನೇರ ಶಾರ್ಟು. ಮೈನಸ್ ಮೊದಲೇ ಕಳಚಿದ್ದರೆ ಪ್ಲಸ್ಸಿನಲ್ಲಿ ಸ್ಪ್ಯಾನರು ಎಲ್ಲಿ ತಾಗಿದರೂ ಏನೂ ಆಗದು. ಕೊನೆಗೆ ಜೋಡಿಸುವಾಗ ಮೈನಸ್ಸೇ ಕಡೆಯದು.

ಹಳೆಯ ಸೆಟ್ಟನ್ನು ಹೊರಗೆಳೆದ ಮೇಲೆ, ಒಂದು ಪುಸ್ತಕದಲ್ಲಿ ಯಾವ ಬಣ್ಣ ಎಲ್ಲಿಗೆ ಹೋಗಿತ್ತು ಎಂದು ಚಿತ್ರ ಬರೆದುಕೊಳ್ಳಿ. ಮಕ್ಕಳಿಂದಲೇ ಬರೆಸಿ. ಮತ್ತೆ ತಾತ್ಕಾಲಿಕವಾಗಿ ಬ್ಯಾಟರಿ ಜೋಡಿಸಿ ಮಲ್ಟಿಮೀಟರು ಹಿಡಿಯಿರಿ. ಬಿಚ್ಚಿದ ತುದಿಗಳು ಒಂದಕ್ಕೊಂದು ತಾಗದಿರಲಿ. ಕೀ ತೆಗೆದಾಗಲೂ 12 ವೋಲ್ಟಿನ ಮೇಲೆ ತೋರಿಸುವ ವಯರು ನಮ್ಮ ಹಳದಿಗೆ. ಕೀ ತಿರುಗಿಸಿದಾಗ ಮಾತ್ರ ತೋರಿಸುವುದು ಕೆಂಪಿಗೆ. ಎರಡನ್ನೂ ಕೀಲಿಯ ವಯರಿಗೇ ಕೊಟ್ಟರೆ ಪ್ರತಿ ಸಲ ಕಾರು ನಿಲ್ಲಿಸಿದಾಗಲೂ ಸೆಟ್ಟು ಸ್ಟೇಷನ್ನುಗಳನ್ನು ಮರೆಯುತ್ತದೆ. ಎರಡನ್ನೂ ಸದಾ ವಿದ್ಯುತ್ತಿಗೆ ಕೊಟ್ಟರೆ, ಕೀ ತೆಗೆದ ಮೇಲೂ ಸೆಟ್ಟು ಬ್ಯಾಟರಿಯನ್ನು ಕುಡಿಯುತ್ತಿರುತ್ತದೆ. ಪತ್ತೆಯಾದ ಮೇಲೆ ಪುನಃ ಮೈನಸ್ ಕಳಚಿ, ಆಮೇಲೆ ಜೋಡಣೆ.

ಸ್ಪೀಕರಿನ ವಯರುಗಳ ಮೇಲೆ ಓಮ್ ಅಳೆಯಿರಿ. 4 ಓಮಿನ ಸ್ಪೀಕರು ಮೀಟರಿನಲ್ಲಿ ಸುಮಾರು ಮೂರೂವರೆ ತೋರಿಸುತ್ತದೆ. ಸ್ಪೀಕರು ಹಾಳಾಗಿಲ್ಲ, ಗಾಬರಿ ಬೇಡ. ಮೀಟರು ಅಳೆಯುವುದು ಡಿಸಿಗೆ ಸುರುಳಿಯ ತಂತಿ ಒಡ್ಡುವ ತಡೆ ಮಾತ್ರ, ಹಾಡು ಹರಿಯುವುದು ಎಸಿಯಾಗಿ. ಇದೂ ಒಂದು ಪಾಠ. ಎರಡು ಸ್ಪೀಕರನ್ನು ಒಂದೇ ಜೋಡಿ ವಯರಿಗೆ ಸಮಾನಾಂತರವಾಗಿ ಕಟ್ಟಿದರೆ 2 ಓಮ್ ಆಗುತ್ತದೆ. ಪ್ರವಾಹ ಇಮ್ಮಡಿ, ಸೆಟ್ಟಿನೊಳಗಿನ ಚಿಪ್ಪು ಕಾದು ಸಾಯುತ್ತದೆ. 'ಇನ್ನೆರಡು ಸ್ಪೀಕರು ಸೇರಿಸಿಬಿಡಿ' ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಬಹಳ ಹಳೆಯ ಕಾರುಗಳಲ್ಲಿ ಇನ್ನೊಂದು ಗುಂಡಿ ಉಂಟು. ಕ್ಯಾಸೆಟ್ ಕಾಲದ ಕೆಲವು ಸೆಟ್ಟುಗಳಲ್ಲಿ ಸ್ಪೀಕರುಗಳ ಮೈನಸ್ಸನ್ನು ಒಟ್ಟು ಸೇರಿಸಿ ಬಾಡಿಗೇ ಕೊಡುತ್ತಿದ್ದರು. ಈಗಿನ ಸೆಟ್ಟಿಗೆ ಹಾಗೆ ಮಾಡಲೇಬಾರದು. ಇದರಲ್ಲಿ ಪ್ರತಿ ಸ್ಪೀಕರಿನ ಎರಡು ವಯರಿನಲ್ಲೂ ಆಂಪ್ಲಿಫೈಯರ್ ಇದೆ. ಮೈನಸ್ಸನ್ನು ಬಾಡಿಗೆ ತಾಗಿಸಿದರೆ ಸೆಟ್ಟು ಹೋಯಿತೆಂದೇ ಲೆಕ್ಕ. ಆದ್ದರಿಂದ ಪ್ರತಿ ಸ್ಪೀಕರಿಗೆ ಬೇರೆ ಬೇರೆ ಎರಡೆರಡು ವಯರು ಎಳೆಯಿರಿ.

ಪ್ಲಸ್ಸು ಮೈನಸ್ಸು ಗುರುತಿಲ್ಲದ ಸ್ಪೀಕರಿಗೆ ಒಂದೂವರೆ ವೋಲ್ಟಿನ ಟಾರ್ಚಿನ ಸೆಲ್ ಸಾಕು. ಕ್ಷಣಕಾಲ ತಾಗಿಸಿದಾಗ ಕೋನ್ ಹೊರಗೆ ಹಾರಿದರೆ ಸೆಲ್ಲಿನ ಪ್ಲಸ್ಸು ತಾಗಿದ ಕಡೆಯೇ ಪ್ಲಸ್ಸು. ಎಡಬಲ ಸ್ಪೀಕರುಗಳಲ್ಲಿ ಒಂದು ಉಲ್ಟಾ ಆದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಚೆಂಡೆ ಮದ್ದಳೆಯ ಗಂಭೀರ ನಾದವೇ ಮಾಯ! ಆಗ 'ಸೆಟ್ಟು ಸರಿ ಇಲ್ಲ' ಎಂದು ಇನ್ನೊಂದು ಸೆಟ್ಟು ಮಾರುವವರೂ ಇದ್ದಾರೆ.

ವಯರು ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಪದರದ ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅಲ್ಯೂಮಿನಿಯಮಿನ ಪ್ರತಿರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟು ಹೆಚ್ಚು. ದುಡ್ಡು ಮಾತ್ರ ತಾಮ್ರದ್ದನ್ನೇ ಕೇಳುತ್ತಾರೆ. ಬಾಗಿಲಿನ ಸ್ಪೀಕರು ಬದಲಿಸುವಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಬಾಗಿಲ ಒಳಗೆ ನೀರು ಇಳಿದೇ ಇಳಿಯುತ್ತದೆ, ಅದು ಹಾಳೆಯ ಆಚೆಯೇ ಇಳಿದು ಹೋಗಬೇಕು.

ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಸ್ಪೀಕರಿಗೆ ಹಾಕಿ, ಸೆಟ್ಟಿಗಲ್ಲ. ಸ್ಪೀಕರಿನ ಕಾಗದದಲ್ಲಿ ಡೆಸಿಬಲ್ ಎಂದು ಒಂದು ಅಂಕೆ ಇರುತ್ತದೆ, ಎಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಎಂಬ ಲೆಕ್ಕ. 3 ಡೆಸಿಬಲ್ ಹೆಚ್ಚು ಎಂದರೆ ಅರ್ಧ ಪವರಿನಲ್ಲೇ ಅಷ್ಟೇ ಸದ್ದು. 92 ಡೆಸಿಬಲ್ಲಿನ ಸ್ಪೀಕರು 20 ವ್ಯಾಟಿನಲ್ಲಿ ಮಾಡುವುದನ್ನು 89ರ ಸ್ಪೀಕರು ಮಾಡಲು 40 ವ್ಯಾಟ್ ಬೇಕು. ಆ ನಲುವತ್ತು ಸೆಟ್ಟಿನಲ್ಲಿ ಇಲ್ಲವೆಂದು ಮೇಲೆಯೇ ಲೆಕ್ಕ ಮಾಡಿದ್ದೇವೆ.

"ಬೆಂಕಿ ಹಿಡಿದರೆ ಯಾರು ಹೊಣೆ?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ, ಉಡಾಫೆಯ ಉತ್ತರ ಕೊಡಲಾರೆವು. 12 ವೋಲ್ಟ್ ಸಾಧಾರಣವಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಶಾರ್ಟಾದರೆ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು, ವಯರು ಕಾದು ಕೆಂಡವಾಗುತ್ತದೆ. ಅದಕ್ಕೇ ಫ್ಯೂಸು. ಫ್ಯೂಸನ್ನು ತೆಗೆದು ತಂತಿ ಸುತ್ತುವುದು, 10ರ ಬದಲು 30 ಹಾಕುವುದು ನಮ್ಮ ಮಟ್ಟಿಗೆ ಅಪರಾಧವೇ. ಬ್ಯಾಟರಿಯಿಂದ ಬೇರೆಯೇ ವಯರು ಎಳೆದು ದೊಡ್ಡ ಆಂಪ್ಲಿಫೈಯರ್ ಹಾಕುವುದಾದರೆ ಬ್ಯಾಟರಿಯ ಬುಡದಲ್ಲೇ, ಒಂದೂವರೆ ಅಡಿಯೊಳಗೆ ಫ್ಯೂಸು ಇರಬೇಕು, ತಗಡಿನ ತೂತಿನಲ್ಲಿ ರಬ್ಬರ್ ಬಳೆ ಇರಬೇಕು. ಆ ಕೆಲಸವನ್ನು ಬಲ್ಲವರಿಗೇ ಬಿಡಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ವಯರು, ಹಳದಿ ಕಪ್ಲರುಗಳಿಗೆ ಕೈ ಹಾಕಲೇಬೇಡಿ. ಎಲ್ಲಿ ನಿಲ್ಲಬೇಕು ಎಂದು ಗೊತ್ತಿರುವುದೂ ವಿದ್ಯೆಯೇ. ಹಾಗೆಂದು, ಕತ್ತರಿಸಿ ತಿರುಚಿ ಟೇಪು ಸುತ್ತಿಸಿಕೊಂಡು ಬಂದರೆ ಬೆಂಕಿಯ ಭಯ ಕಡಿಮೆಯಾಗುತ್ತದೆಯೇ? ಜಾಗ್ರತೆಯಿಂದ, ನಿಧಾನವಾಗಿ, ತನ್ನದೇ ಕಾರಿಗೆ ಕೆಲಸ ಮಾಡುವವನಿಗಿಂತ ಹೆಚ್ಚು ಹೊಣೆ ಇನ್ಯಾರಿಗೆ?

ಇನ್ನು "ಶಾಲೆಯವರೇ ಗಲಾಟೆ ಕಲಿಸುವುದಾ?" ಎನ್ನುವವರು. ಊರು ನಡುಗಿಸುವ ಪೆಟ್ಟಿಗೆಯನ್ನು ಡಿಕ್ಕಿಗೆ ತುಂಬಿಕೊಂಡು ಹೋಗುವವರ ಪರ ನಾವಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಮೌನ ವಲಯ. ಹಗಲಿನ ಮಿತಿ 50 ಡೆಸಿಬಲ್, ರಾತ್ರಿ 40. ಒಳ್ಳೆಯ ಸ್ಪೀಕರು ಹಾಕುವುದು ಸಣ್ಣ ಸದ್ದಿನಲ್ಲೇ ಪದ ಪದ ಕೇಳಲಿ ಎಂದು. ಭಾಗವತರ ಪದದ ಸಾಹಿತ್ಯ ಸ್ಪಷ್ಟವಾಗಿ ಕೇಳಿದರೆ ದನಿ ಏರಿಸುವ ಅಗತ್ಯವೇ ಬರುವುದಿಲ್ಲ.

ಹೌದು, ನಾವು ಗಡಿನಾಡಿನವರು ಕಾರಿನಲ್ಲಿ ಕೇಳುವುದೇನು ಎಂಬುದೂ ಇಲ್ಲಿ ಮುಖ್ಯ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ರಾಜ್ಯದ ಗಡಿ ನೋಡಿ ನಿಲ್ಲಲಿಲ್ಲ, ನಮ್ಮ ಮನೆಯೊಳಗೂ ಕನ್ನಡ, ತುಳು ಮಾತಾಡಿತು. ಹೊಸ ಸೆಟ್ಟು ಕೊಳ್ಳುವಾಗ ಪರದೆಯ ಮಿಣಿಮಿಣಿ ನೋಡಬೇಡಿ, ರೇಡಿಯೋ ಎಷ್ಟು ಚೆನ್ನಾಗಿ ಹಿಡಿಯುತ್ತದೆ ನೋಡಿ. ಅಗ್ಗದ ಹಲವು ಸೆಟ್ಟುಗಳಲ್ಲಿ ಮೀಡಿಯಂ ವೇವ್ ಇರುವುದೇ ಇಲ್ಲ. ಉಪ್ಪುಗಾಳಿಯ ಊರಿನಲ್ಲಿ ಆಂಟೆನಾದ ಬುಡ ತುಕ್ಕು ಹಿಡಿದರೆ ಅದರ ಅರ್ತ್ ತಪ್ಪುತ್ತದೆ, ಎಂಥ ಸೆಟ್ಟು ಹಾಕಿದರೂ ಬರೇ ಗುಸುಗುಸು. ಅಲ್ಲಿ ಉಪ್ಪುಕಾಗದದಿಂದ ಉಜ್ಜಿದರೆ ಖರ್ಚಿಲ್ಲದೆ ಸರಿಹೋಗಬಹುದು.

ಹಾಗೆಯೇ ಹಳೆಯ ಕ್ಯಾಸೆಟ್ ಸೆಟ್ಟನ್ನು ಗುಜರಿಗೆ ಕೊಡುವ ಮೊದಲು ಮನೆಯ ಅಟ್ಟ ಹುಡುಕಿ. ಪಾರ್ತಿಸುಬ್ಬ ಕುಂಬಳೆಯವನು. ಆ ನೆಲದ ತಾಳಮದ್ದಳೆ, ಬಯಲಾಟಗಳನ್ನು ನಮ್ಮ ಹಿರಿಯರು ಟೇಪ್ ರೆಕಾರ್ಡರ್ ಇಟ್ಟು ಹಿಡಿದಿಟ್ಟ ಕ್ಯಾಸೆಟ್ಟುಗಳು ಎಷ್ಟೋ ಮನೆಗಳಲ್ಲಿ ಉಂಟು. ಅಂಗಡಿಯಲ್ಲಿ ಮಾರಾಟಕ್ಕೆ ಬಾರದ, ಒಂದೇ ಒಂದು ಪ್ರತಿ ಇರುವಂಥವು. ತೇವಕ್ಕೆ ಬೂಸರು ಹಿಡಿದರೆ ಹೋಯಿತು. ಕ್ಯಾಸೆಟ್ ಓಡಿಸುವ ಯಂತ್ರವೊಂದನ್ನು ಇಟ್ಟುಕೊಂಡು ಕಂಪ್ಯೂಟರಿಗೆ ಇಳಿಸಿ, ಪೆನ್‌ಡ್ರೈವಿಗೆ ಹಾಕಿ ಹೊಸ ಸೆಟ್ಟಿನಲ್ಲಿ ಕೇಳಿ. ಅಜ್ಜನ ಕ್ಯಾಸೆಟ್ಟು ಮೊಮ್ಮಗಳ ಪೆನ್‌ಡ್ರೈವಿಗೆ ಬಂದರೆ ಅದಕ್ಕಿಂತ ದೊಡ್ಡ ಸುಧಾರಣೆ ಯಾವುದು?

ಈಗ ನಮ್ಮ ಬೇಡಿಕೆ. ಶಾಲೆಗಳಲ್ಲಿ ಪ್ರಯೋಗಶಾಲೆ ಉಂಟು, ಮೀಟರು ಉಂಟು. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಕ್ಲಬ್ಬುಗಳೂ ಬಂದಿವೆ. ಆದರೂ ಮೀಟರು ಕಪಾಟಿನಲ್ಲಿ, ಕೀಲಿಕೈ ಮೇಜಿನಲ್ಲಿ ಎಂಬ ಸ್ಥಿತಿ ಯಾಕೆ? ರಜೆಯ ಒಂದು ಶನಿವಾರ ಯಾರಾದರೊಬ್ಬ ಮೇಷ್ಟ್ರ ಹಳೆಯ ಕಾರನ್ನು ಅಂಗಳದಲ್ಲಿ ನಿಲ್ಲಿಸಿ. ಬ್ಯಾಟರಿಯ ಕೆಲಸ ದೊಡ್ಡವರ ಕೈಯಲ್ಲಿರಲಿ. ಅಳೆಯುವುದು, ಚಿತ್ರ ಬರೆಯುವುದು, ಲೆಕ್ಕ ಹಾಕುವುದು ಮಕ್ಕಳದ್ದಾಗಲಿ. ಹುಡುಗಿಯರನ್ನು 'ನೀವು ನೋಡಿ ಸಾಕು' ಎಂದು ಹಿಂದೆ ನಿಲ್ಲಿಸಬೇಡಿ, ಮೀಟರನ್ನು ಅವರ ಕೈಗೇ ಕೊಡಿ.

ಹೆತ್ತವರೇ, ನಿಮ್ಮ ಮಗು ಕನ್ನಡದಲ್ಲಿ ಓದಿದ್ದರಿಂದ ಹಿಂದೆ ಬೀಳುತ್ತದೆ ಎಂದು ಯಾರಾದರೂ ಹೆದರಿಸಿದರೆ, ಅವರನ್ನು ಕರೆದು ಪೆಟ್ಟಿಗೆಯ ಮೇಲಿನ 52 ಎಲ್ಲಿಂದ ಬಂತು ಎಂದು ಕೇಳಿ. ಅವರು ತಲೆ ಕೆರೆದುಕೊಳ್ಳುವಾಗ ಪೆನ್ಸಿಲನ್ನು ನಿಮ್ಮ ಮಗುವಿನ ಕೈಗೆ ಕೊಡಿ.